ಅಂಗಾಲುರಿಗೆ ಒಂದು ಸೀಸೆ

ಚಿಕ್ಕಬಾಣಾವರ ಸ್ಟೇಷನ್ನಿನಲ್ಲಿ ತುಮಕೂರು ಕಡೆಯಿಂದ ಬರುವ ಗಾಡಿಗೆ ಕಾಯುತ್ತಾ ಅಕ್ಕ ಬೆಂಚಿನ ತುದಿಯಲ್ಲಿ ಕೂತಿದ್ದಳು. ತೊಡೆಯ ಮೇಲೆ ಭಾವನ ಫೈಲು. ಕಿದ್ವಾಯಿ ಆಸ್ಪತ್ರೆಯ ಮೊದಲ ಚೀಟಿಯಿಂದ ಹಿಡಿದು ಮೊನ್ನೆಯ ರಕ್ತಪರೀಕ್ಷೆಯವರೆಗೆ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿಟ್ಟಿದ್ದಳು. ಭಾವ ಪೀಣ್ಯದ ಒಂದು ಮಷೀನ್ ಶಾಪಿನಲ್ಲಿ ಮೂವತ್ತೊಂದು ವರ್ಷ ಲೇತ್ ಮುಂದೆ ನಿಂತು ದುಡಿದವರು. ಕೀಮೋ ಮುಗಿದು ವರ್ಷವಾಯಿತು. ಗಡ್ಡೆ ಹೋಯಿತು, ಅಂಗಾಲಿನ ಉರಿ ಹೋಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಶುರುವಾದರೆ ಹಾಲಿನವನು ಬರುವ ತನಕ. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಗೋಡೆಗೆ ಒರಗಿ ಕೂತಿರುತ್ತಾರೆ.

ನಾನು ದಾಸರಹಳ್ಳಿಯ ಮೆಡಿಕಲ್ ಸ್ಟೋರೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಫಾರ್ಮಸಿಸ್ಟ್. ಆ ದಿನ ಅಕ್ಕ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಬರೆದಿಡುತ್ತಿದ್ದೇನೆ. ಇದೇ ಪ್ರಶ್ನೆಯನ್ನು ನನ್ನ ಕೌಂಟರಿಗೆ ಬಂದು, ಹಿಂದೆ ಮುಂದೆ ನೋಡಿ, ದನಿ ತಗ್ಗಿಸಿ ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ.

"ಔಷಧಿ ತಗೊಂಡು ಬರುವಾಗ ಯಾರಾದ್ರೂ ಬ್ಯಾಗ್ ನೋಡಿದ್ರೆ ಏನ್ ಹೇಳೋದೇ?"

"ಹೇಳೋದೇನಿಲ್ಲ ಅಕ್ಕ, ತೋರಿಸೋದಷ್ಟೇ. ಔಷಧಿ, ಡಾಕ್ಟರ ಚೀಟಿ, ಬಿಲ್ಲು. ಮೂರೂ ಒಂದೇ ಕಡೆ ಇರ್ಬೇಕು."

"ಏನಾದ್ರೂ ಗಾಂಜಾ ತಾನೇ ಅದು."

"ಗಿಡ ಅದೇ, ಭಾಗ ಬೇರೆ. 1985ರ ಕಾಯ್ದೆ ಇದೆಯಲ್ಲ, ಎನ್‌ಡಿಪಿಎಸ್ ಅಂತ ಟೀವೀಲಿ ದಿನಾ ಕೇಳ್ತೀಯಲ್ಲ, ಅದು ಆ ಗಿಡದ ಹೂ ಬಿಡೋ ಕುಡೀನ, ಕಾಯಿ ಕಟ್ಟೋ ಕುಡೀನ ಗಾಂಜಾ ಅಂತ ಕರೆಯುತ್ತೆ. ಅದರಿಂದ ತೆಗೆದ ಅಂಟನ್ನ ಚರಸ್ ಅನ್ನುತ್ತೆ. ಕುಡಿ ಜೊತೆಗಿಲ್ಲದ ಬರೀ ಎಲೆ, ಬರೀ ಬೀಜ, ಇವೆರಡನ್ನೂ ಗಾಂಜಾ ಅನ್ನೋ ಮಾತಿನಿಂದ ಹೊರಗಿಟ್ಟಿದೆ. ನಾವೀಗ ತರೋಕೆ ಹೊರಟಿರೋದು ಎಲೆಯ ಸತ್ವ."

"ಎಲೆ ಅಂದ್ರೆ ನಮ್ಮೂರಲ್ಲಿ ಭಂಗಿ ಸೊಪ್ಪು ಅಂತಿದ್ವಲ್ಲ, ಅದಾ?"

"ಅದೇ. ಆಯುರ್ವೇದದಲ್ಲಿ ಅದಕ್ಕೆ ವಿಜಯಾ ಅಂತ ಹೆಸರು."

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಳಿಯಾಚೆ ಚಿಕ್ಕಬಾಣಾವರದ ಕೆರೆ ಕಡೆಯಿಂದ ಗಾಳಿ ಬೀಸುತ್ತಿತ್ತು.

"ಮಠದ ಹಿತ್ತಲಲ್ಲಿ ಎರಡು ಗಿಡ ಇದ್ವು, ನಿಂಗೆ ನೆನಪಿರಲಿಕ್ಕಿಲ್ಲ, ಚಿಕ್ಕವಳು. ಎಮ್ಮೆಗೆ ಹೊಟ್ಟೆ ಉಬ್ಬರ ಬಂದ್ರೆ ಅಪ್ಪ ಒಂದು ಹಿಡಿ ತಂದು ಬೆಲ್ಲದ ಜೊತೆ ಅರೆದು ಕುಡಿಸೋರು. ಎಮ್ಮೆಗೆ ಕೊಟ್ಟಾಗ ಯಾರೂ ಏನೂ ಅನ್ನಲಿಲ್ಲ. ಸೇದೋರನ್ನ ಕಂಡ್ರೆ ಮಾತ್ರ ಅವ್ವ 'ಭಂಗಿ ದೇವರಿಗೆ ಹೆಂಡಗುಡುಕ ಪೂಜಾರಿ' ಅಂತ ಬೈಯೋಳು."

"ಅವ್ವನ ಮಾತಲ್ಲಿ ತಪ್ಪಿಲ್ಲ. ಅದು ಅಮಲಿನ ಮಾತು. ನಾವು ಹೊರಟಿರೋದು ಬೇರೆಯದಕ್ಕೆ."

"ಸರ್ಕಾರವೇ ಮಾರೋಕೆ ಬಿಟ್ಟಿದ್ದ ಕಾಲವೂ ಇತ್ತಂತೆ?"

"ಇತ್ತು. ಮೈಸೂರು ಸಂಸ್ಥಾನದಲ್ಲಿ ಸಾರಾಯಿ, ಹೆಂಡದ ಹಾಗೆ ಗಾಂಜಾ ಕೂಡ ಅಬಕಾರಿ ಬಾಬ್ತು. ಲೈಸೆನ್ಸ್ ಅಂಗಡಿಗಳಿದ್ವು, ಖಜಾನೆಗೆ ಅದರ ಆದಾಯ ಬರ್ತಿತ್ತು. ಇದಕ್ಕೆಲ್ಲ ಬಾಗಿಲು ಹಾಕಿದ್ದು 1985ರ ಕಾಯ್ದೆ. ಮನಸ್ಸಿನಲ್ಲಿ ನಾವು ಅದನ್ನ ಅನಾದಿಯಿಂದ ಅಪರಾಧ ಅಂತ ಇಟ್ಕೊಂಡಿದ್ದೀವಿ. ನನಗಿಂತ ಚಿಕ್ಕ ವಯಸ್ಸಿನ ಅಪರಾಧ ಅದು."

ಗಾಡಿ ಬಂತು. ಯಶವಂತಪುರದವರೆಗೆ ನಿಂತೇ ಹೋದೆವು. ಅಷ್ಟು ಜನರ ನಡುವೆ ಅಕ್ಕ ಬಾಯಿ ಬಿಡಲಿಲ್ಲ. ಮಲ್ಲೇಶ್ವರ ದಾಟುವಾಗ ಸೀಟು ಸಿಕ್ಕಿತು.

"ನನ್ನ ಮಗ ಮೊನ್ನೆ ವಿಡಿಯೋ ಕಾಲಲ್ಲಿ ಬೈದ. 'ಅಮ್ಮಾ, ಇಲ್ಲಿ ಟೊರಾಂಟೋದಲ್ಲಿ ಮೂಲೆ ಮೂಲೆಗೂ ಅಂಗಡಿ ಇದೆ, ನೀವ್ಯಾಕೆ ಒದ್ದಾಡ್ತೀರಿ, ಡಿಸೆಂಬರಲ್ಲಿ ಬರುವಾಗ ನಾನೇ ತರ್ತೀನಿ' ಅಂದ."

"ಅವನಿಗೆ ಇವತ್ತೇ ಫೋನ್ ಮಾಡಿ ತರಬೇಡ ಅನ್ನು. ಅಲ್ಲಿ 2018ರ ಅಕ್ಟೋಬರಿಂದ ಕಾನೂನು ಪ್ರಕಾರ ಮಾರ್ತಾರೆ, ನಿಜ. ಹತ್ತೊಂಬತ್ತು ತುಂಬಿದ ಗುರುತಿನ ಚೀಟಿ ತೋರಿಸಿದ್ರೆ ಕೊಡ್ತಾರೆ. ಆದ್ರೆ ದೇಶದ ಗಡಿ ದಾಟಿಸೋದು ಕೆನಡಾದಲ್ಲೂ ಅಪರಾಧ, ಇಲ್ಲಂತೂ ನೇರ ಜೈಲು. ದೇವನಹಳ್ಳಿ ಏರ್‌ಪೋರ್ಟಲ್ಲಿ ಬ್ಯಾಂಕಾಕಿಂದ ಗಾಂಜಾ ತಂದು ಸಿಕ್ಕಿಬಿದ್ದವರ ಸುದ್ದಿ ಪೇಪರಲ್ಲಿ ಎಷ್ಟು ಸಲ ನೋಡಿಲ್ಲ? ಥಾಯ್ಲೆಂಡಲ್ಲಿ ಕೊಂಡಾಗ ಅಲ್ಲಿನ ಅಂಗಡಿ ಬಿಲ್ಲು ಇರುತ್ತೆ. ಆ ಬಿಲ್ಲು ಇಲ್ಲಿ ಕಾಗದದ ಚೂರು."

"ಅವನು ಪಾಪ, ಅಪ್ಪನ ಕಾಲು ನೋಡಿ ಹೇಳಿದ್ದು."

"ಗೊತ್ತು ಅಕ್ಕ. ಪ್ರೀತಿಯಿಂದ ತಂದರೂ ಸೂಟ್‌ಕೇಸಲ್ಲಿ ಸಿಕ್ಕಿದ್ದಕ್ಕೆ ಕೇಸೇ."

"ಹಾಗಾದ್ರೆ ಎಲೆ ಅಂದ್ರೆ ನಮ್ಮಲ್ಲಿ ಪೂರ್ತಿ ಮಾಫಿನಾ? ಹೈಕೋರ್ಟೇ ಹೇಳಿದೆ ಅಂತ ಎದುರು ಮನೆಯವರು ಅಂದ್ರು."

"ಅರ್ಧ ಕೇಳಿಸ್ಕೊಂಡಿದ್ದಾರೆ. 2022ರಲ್ಲಿ ಬೆಂಗಳೂರಲ್ಲಿ ಒಬ್ಬನ ಹತ್ತಿರ 29 ಕಿಲೋ ಭಂಗಿ, ಜೊತೆಗೆ 400 ಗ್ರಾಂ ಗಾಂಜಾ ಸಿಕ್ಕಿತ್ತು. ಆಗ ಕರ್ನಾಟಕ ಹೈಕೋರ್ಟು, ಭಂಗಿ ಎನ್‌ಡಿಪಿಎಸ್ ಕಾಯ್ದೆಯ ನಿಷೇಧಕ್ಕೆ ಬರಲ್ಲ, ಲಸ್ಸಿ ಅಂಗಡಿಗಳಲ್ಲೂ ಮಾರ್ತಾರೆ ಅಂತ ಹೇಳಿ ಜಾಮೀನು ಕೊಡ್ತು. ಜಾಮೀನು, ಬಿಡುಗಡೆ ಅಲ್ಲ. ಅದಕ್ಕೂ ಮುಂಚೆ ಅವನು ತಿಂಗಳುಗಟ್ಟಲೆ ಒಳಗಿದ್ದ. ಎಲೆ ಮೇಲೆ ರಾಜ್ಯಗಳ ಅಬಕಾರಿ ಹಿಡಿತ ಬೇರೆ ಇದೆ. ನಮಗೆ ದಾರಿ ಅದಲ್ಲ. ಔಷಧಿ ಲೈಸೆನ್ಸ್ ಇರೋರು ತಯಾರಿಸಿದ್ದು, ರಿಜಿಸ್ಟರ್ ಆದ ವೈದ್ಯರು ಬರೆದುಕೊಟ್ಟಿದ್ದು, ಅಷ್ಟೇ ನಮ್ಮ ದಾರಿ. 2020ರ ಫೆಬ್ರವರೀಲಿ ಕೋರಮಂಗಲದಲ್ಲಿ ಹೆಂಪ್‌ಕ್ಯಾನ್ ಅನ್ನೋ ಕಂಪನಿ ಇಂಥ ಕ್ಲಿನಿಕ್ ತೆರೆದಾಗ ದೇಶದಲ್ಲೇ ಮೊದಲನೇದು ಅಂತ ಪೇಪರಲ್ಲಿ ಬಂದಿತ್ತು. ಈಗ ಫೋನಲ್ಲೇ ವೈದ್ಯರು ಮಾತಾಡಿ ಮನೆಗೇ ಕಳಿಸೋರೂ ಇದ್ದಾರೆ."

"ಫೋನಲ್ಲಿ ಬೇಡ ಅಂದಿದ್ದು ನಾನೇ. ಕೊಡೋರ ಮುಖ ನೋಡ್ಬೇಕು ನಂಗೆ."

ಈ ಮಾತು ನನಗೆ ಸರಿಯೆನಿಸಿತ್ತು. ಅದಕ್ಕೇ ಅಂಗಡಿಗೆ ರಜ ಹಾಕಿ ಬಂದಿದ್ದೆ.

ಮೆಜೆಸ್ಟಿಕ್ಕಿನಲ್ಲಿ ಇಳಿದು ಬಸ್ಸಿಗೆ ಕಾಯುವಾಗ ಅಕ್ಕ ಇದ್ದಕ್ಕಿದ್ದಂತೆ ಅವ್ವನ ಮಾತೆತ್ತಿದಳು. ಅವ್ವ ಹೋಗಿದ್ದು 1996ರಲ್ಲಿ, ಗರ್ಭಕೋಶದ ಕ್ಯಾನ್ಸರಿನಿಂದ. ಕೊನೆಯ ಎರಡು ತಿಂಗಳು ನಡುಮನೆಯ ಕಂಬ ಹಿಡಿದುಕೊಂಡು ಕಳೆದಳು. ಹಿಡಿದ ಜಾಗದಲ್ಲಿ ಕಂಬದ ಬಣ್ಣ ಎದ್ದುಹೋಗಿತ್ತು.

"ಅವ್ವಂಗೆ ಮಾರ್ಫಿನ್ ಕೊಟ್ಟಿದ್ರೆ ನೋವು ಇಳೀತಿತ್ತು ಅಂತ ನೀನು ಆಮೇಲೆ ಓದಿ ಹೇಳಿದೆಯಲ್ಲ. ಆಗ ಯಾಕೆ ಕೊಡಲಿಲ್ಲ?"

"ಆಗ ನಮ್ಮ ಆಸ್ಪತ್ರೇಲಿ ಇರಲಿಲ್ಲ ಅಕ್ಕ. ಅದೇ 1985ರ ಕಾಯ್ದೆ. ಮಾರ್ಫಿನ್ ಇಡಬೇಕಾದ್ರೆ ಒಂದಲ್ಲ, ಎರಡಲ್ಲ, ಹಲವು ಇಲಾಖೆಗಳ ಲೈಸೆನ್ಸು. ಒಂದು ಬರೋ ಹೊತ್ತಿಗೆ ಇನ್ನೊಂದರ ಅವಧಿ ಮುಗಿದಿರೋದು. ಲೆಕ್ಕದಲ್ಲಿ ಚೂರು ತಪ್ಪಿದ್ರೂ ಕಠಿಣ ಶಿಕ್ಷೆ. ಯಾರಿಗೆ ಬೇಕು ಅಂತ ಆಸ್ಪತ್ರೆಗಳು ಇಡೋದನ್ನೇ ಬಿಟ್ವು. ನಮ್ಮ ದೇಶದಲ್ಲೇ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸ್ತಿದ್ರು. ಇಲ್ಲಿನ ರೋಗಿಗೆ ಮಾತ್ರ ಮಾರ್ಫಿನ್ ಇಲ್ಲ."

"ಆಮೇಲೆ?"

"ನೋವಿನ ವೈದ್ಯರು ವರ್ಷಗಟ್ಟಲೆ ಓಡಾಡಿದ್ರು. 2014ರಲ್ಲಿ ತಿದ್ದುಪಡಿ ಬಂತು. ಮಾರ್ಫಿನ್ ಥರದ ಕೆಲವನ್ನ ಅತ್ಯಗತ್ಯ ಔಷಧಿ ಅಂತ ಬೇರೆ ಮಾಡಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಒಪ್ಪಿಗೆ ಸಾಕು ಅಂದ್ರು."

"ಎಂಬತ್ತೈದರಿಂದ ಹದಿನಾಲ್ಕರವರೆಗೆ. ಅಷ್ಟು ವರ್ಷ ನೋವಿದ್ದೋರು ಏನ್ ಮಾಡಿದ್ರೇ?"

"ತಡ್ಕೊಂಡ್ರು."

ಬಸ್ಸು ಬಂದಿತ್ತು. ಇಬ್ಬರೂ ಹತ್ತದೆ ನಿಂತೆವು. ಇನ್ನೊಂದು ಬಂತು, ಅದಕ್ಕೆ ಹತ್ತಿದೆವು. ಅಮಲಿಗೆ ಹೆದರಿ ಕಟ್ಟಿದ ಬೇಲಿ ನೋವಿನವರ ಮನೆಬಾಗಿಲಿಗೇ ಬಂದು ನಿಂತಿತ್ತು ಎನ್ನುವುದನ್ನು ನಾನು ಇಷ್ಟು ವರ್ಷ ಕೌಂಟರಿನಾಚೆ ನಿಂತು ನೋಡಿದ್ದೇನೆ. ಬೇಲಿ ಬೇಡ ಎನ್ನುವವಳಲ್ಲ ನಾನು. ನಮ್ಮ ಬೀದಿಯ ಕಾಲೇಜು ಹುಡುಗರು ಸೊಪ್ಪು ಸೇದಿ ಓದು ಬಿಟ್ಟದ್ದನ್ನೂ ಕಂಡಿದ್ದೇನೆ, ಎಳೆ ವಯಸ್ಸಿನಲ್ಲಿ ಅದು ತಲೆಗೆ ಮಾಡುವ ಹಾನಿ ಸಣ್ಣದಲ್ಲ. ಆದರೆ ಬೇಲಿಗೆ ಒಂದು ಗೇಟು ಇರಬೇಕು. ಗೇಟಿನ ಹತ್ತಿರ ಹೋಗುವುದಕ್ಕೆ ಅಕ್ಕನಂಥವರು ಕಳ್ಳರ ಹಾಗೆ ಸೆರಗು ಮುದುಡಿಕೊಳ್ಳುವಂತಿರಬಾರದು.

ಕ್ಲಿನಿಕ್ಕು ಎರಡನೇ ಮಹಡಿಯಲ್ಲಿ. ಗಾಜಿನ ಬಾಗಿಲು, ಕುಂಡದಲ್ಲಿ ಮನಿ ಪ್ಲಾಂಟು, ಊದುಬತ್ತಿಯ ವಾಸನೆ ಕೂಡ ಇಲ್ಲ. ಅಕ್ಕ ಚಪ್ಪಲಿ ಹೊರಗೆ ಬಿಟ್ಟಳು. ಒಳಗಿದ್ದ ಹುಡುಗಿ ಬೇಡ ಎಂದರೂ ಮತ್ತೆ ಹಾಕಿಕೊಳ್ಳಲಿಲ್ಲ. ವೈದ್ಯೆಗೆ ನಲವತ್ತರ ಆಸುಪಾಸು. ಫೈಲನ್ನು ಮೊದಲ ಹಾಳೆಯಿಂದ ಓದಿದರು. ಅಷ್ಟು ಸಹನೆಯಿಂದ ಅದನ್ನು ಓದಿದವರನ್ನು ಅಕ್ಕ ಈಚೆಗೆ ನೋಡಿರಲಿಲ್ಲವಂತೆ.

"ರಕ್ತ ತೆಳು ಮಾಡೋ ಮಾತ್ರೆ ತಗೋತಾರಾ?"

"ಇಲ್ಲ ಮೇಡಂ."

"ಹೃದಯದ ತೊಂದರೆ? ಮನೇಲಿ ಯಾರಿಗಾದ್ರೂ ಮಾನಸಿಕ ಕಾಯಿಲೆ?"

"ಇಲ್ಲ."

"ಲಿವರ್ ಟೆಸ್ಟ್ ಮೂರು ತಿಂಗಳ ಹಿಂದಿನದು ಸರಿಯಿದೆ. ಕ್ಯಾನ್ಸರ್ ಡಾಕ್ಟರಿಗೆ ಈ ವಿಷಯ ತಿಳಿಸಿದ್ದೀರಾ?"

"ತಿಳಿಸಿದ್ವಿ. ಏನು ಕೊಡ್ತಾರೋ ಬರೆಸ್ಕೊಂಡು ಬಂದು ತೋರಿಸಿ ಅಂದ್ರು."

"ಒಳ್ಳೇದು ಅಮ್ಮ. ಇದರಿಂದ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಕಾಲುರಿ ಪೂರ್ತಿ ಹೋಗುತ್ತೆ ಅಂತಲೂ ನಾನು ಹೇಳಲ್ಲ. ಕೆಲವರಿಗೆ ಸ್ವಲ್ಪ ಇಳಿಯುತ್ತೆ, ಕೆಲವರಿಗೆ ನಿದ್ದೆ ಬರುತ್ತೆ, ಕೆಲವರಿಗೆ ಏನೂ ಆಗಲ್ಲ. ಈಗ ತಗೋತಿರೋ ನರದ ಮಾತ್ರೆ ನಿಲ್ಲಿಸೋ ಹಾಗಿಲ್ಲ. ಎರಡೂ ಸೇರಿ ತಲೆ ಸುತ್ತಬಹುದು, ರಾತ್ರಿ ಬಾತ್‌ರೂಮಿಗೆ ಒಬ್ಬರೇ ಹೋಗೋದು ಬೇಡ. ಸ್ಕೂಟರ್ ಓಡಿಸ್ತಾರಾ?"

"ಬೆಳಿಗ್ಗೆ ಹೂವು ತರೋಕೆ, ಬಾಗಲಗುಂಟೆವರೆಗೆ."

"ಸದ್ಯಕ್ಕೆ ಬೇಡ."

ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ಅಮಲು ಬರುತ್ತಾ ಮೇಡಂ? ಯಾವತ್ತೂ ಒಂದು ತೊಟ್ಟು ಕುಡಿದವರಲ್ಲ ಅವರು."

"ಅಮಲು ತರೋ ಅಂಶ ಎಲೇಲಿ ಇದ್ದೇ ಇರುತ್ತೆ, ಟಿಎಚ್‌ಸಿ ಅಂತಾರೆ. ಇನ್ನೊಂದು ಸಿಬಿಡಿ, ಅದು ಅಮಲಿಗೆ ಎಳೆಯಲ್ಲ. ಅದಕ್ಕೇ ತೀರ ಕಡಿಮೆಯಿಂದ ಶುರು ಮಾಡೋದು. ಎರಡು ಹನಿ. ನಾಲ್ಕು ದಿನ ನೋಡಿ, ನನಗೆ ಫೋನ್ ಮಾಡಿ. ನೀವಾಗೇ ಜಾಸ್ತಿ ಮಾಡಬೇಡಿ."

ಹೊರಗಿನ ಕೌಂಟರಿನಲ್ಲಿ ಆಧಾರ್ ನೋಡಿದರು, ಚೀಟಿಯ ನಕಲು ಇಟ್ಟುಕೊಂಡರು, ಬಿಲ್ಲು ಹರಿದರು. ಎರಡು ಸಾವಿರದ ಮೇಲೆ. ಅಕ್ಕ ಸೊಂಟದ ಪರ್ಸಿನಿಂದ ಐನೂರರ ನೋಟುಗಳನ್ನು ಎಣಿಸಿ ಕೊಟ್ಟಳು. ನನಗೆ ಕೊಡಲು ಬಿಡಲಿಲ್ಲ.

ಬರುವಾಗ ಮೆಟ್ರೋದಲ್ಲಿ ಬಂದೆವು. ಜಾಲಹಳ್ಳಿ ಹತ್ತಿರವಾಗುವವರೆಗೂ ಅವಳು ಸೀಸೆಯ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

"ಇದ್ರಲ್ಲಿ ಕೆಂಪಕ್ಷರದಲ್ಲಿ ಏನೋ ಬರೆದಿದೆ."

"ಎಚ್ಚರಿಕೆ, ವೈದ್ಯರ ನಿಗಾದಲ್ಲಿ ತಗೋಬೇಕು ಅಂತ. ಔಷಧಿ ಕಾಯ್ದೆಯ ನಿಯಮದಲ್ಲಿ ಇ-1 ಅಂತ ಒಂದು ಪಟ್ಟಿ ಇದೆ. ದತ್ತೂರ, ಕಣಗಿಲೆ, ಗುಲಗಂಜಿ, ವತ್ಸನಾಭಿ, ಅಫೀಮು, ಆ ಸಾಲಲ್ಲೇ ಭಂಗಿ. ಬೀಜ ಮಾತ್ರ ಬಿಟ್ಟು. ಆ ಪಟ್ಟೀಲಿರೋದನ್ನ ಹೊಟ್ಟೆಗೆ ತಗೊಳ್ಳೋ ಔಷಧಿಗೆ ಹಾಕಿದ್ರೆ ಈ ಮಾತನ್ನ ಎದ್ದು ಕಾಣೋ ಹಾಗೆ ಅಚ್ಚು ಹಾಕಲೇಬೇಕು."

"ವಿಷದ ಪಟ್ಟಿನಾ?"

"ಹೌದು. ಹೆದರಬೇಡ. ಹಳೇ ವೈದ್ಯರು ಇದನ್ನ ಹಾಗೇ ಕೊಡ್ತಿರಲಿಲ್ಲ. ಹಸಿರು ನೀರು ಹೋಗೋವರೆಗೆ ಎಲೇನ ತೊಳೆದು, ಒಣಗಿಸಿ, ತುಪ್ಪದಲ್ಲಿ ಹುರಿದು, ಆಮೇಲೆ ಚೂರ್ಣಕ್ಕೆ ಸೇರಿಸೋರು. ಶಾರ್ಙ್ಗಧರ ಸಂಹಿತೆ ಭಂಗಿಯನ್ನೂ ಅಫೀಮನ್ನೂ ಒಂದೇ ಗುಂಪಿಗೆ ಹಾಕಿದೆ, ಜೀರ್ಣವಾಗೋ ಮುಂಚೆನೇ ಮೈಯೆಲ್ಲಾ ಹರಡೋ ದ್ರವ್ಯ ಅಂತ. ತಿಳಿದೇ ಬಳಸ್ತಿದ್ರು, ಅಳತೆ ಇಟ್ಕೊಂಡು."

"ಅದಿರಲಿ. ಈ ಎಚ್ಚರಿಕೆ ಯಾವ ಭಾಷೇಲಿದೆ?"

"ಇಂಗ್ಲಿಷಲ್ಲಿ ಒಂದು ಸಲ, ಹಿಂದೀಲಿ ಒಂದು ಸಲ. ನಿಯಮದಲ್ಲಿ ಆ ಎರಡೇ ಭಾಷೆ ಹೇಳಿರೋದು."

"ನಿಮ್ಮ ಭಾವ ಓದಿದ್ದು ಏಳನೇ ಕ್ಲಾಸು, ಕನ್ನಡದಲ್ಲಿ. ನಾನು ಎಸ್ಸೆಸ್ಸೆಲ್ಸಿ, ಕನ್ನಡದಲ್ಲಿ. ವಿಷ ಅಂತಾರೆ, ಎಚ್ಚರಿಕೆ ಅಂತಾರೆ, ಕುಡಿಯೋರಿಗೆ ಓದೋಕೆ ಬರದ ಹಾಗೆ ಬರೀತಾರೆ. ಯಾರಿಗೆ ಎಚ್ಚರಿಕೆ ಇದು?"

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ನಾನು ಬೇರೆಯವರ ಮಾತ್ರೆಯ ಲಕೋಟೆಗಳ ಮೇಲೆ ಬಾಲ್‌ಪೆನ್ನಿನಲ್ಲಿ ಸೂರ್ಯ, ಚಂದ್ರ ಬರೆದುಕೊಡುತ್ತಿದ್ದೇನೆ, ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ. ಅದು ನನ್ನ ಜಾಣತನವೆಂದು ತಿಳಿದಿದ್ದೆ. ಅಕ್ಕ ಕೇಳಿದ ಮೇಲೆ ಅನ್ನಿಸಿದ್ದು, ಅದು ಅಚ್ಚು ಹಾಕುವವರ ಕೆಲಸ, ನಾನು ಮಾಡುತ್ತಾ ಬಂದಿದ್ದೇನೆ.

"ಪೀಣ್ಯದಲ್ಲಿ ಪಾನ್ ಅಂಗಡೀಲಿ ಹತ್ತಿಪ್ಪತ್ತು ರೂಪಾಯಿಗೆ ಕರೀ ಗುಳಿಗೆ ಸಿಗುತ್ತಂತೆ, ಅದರ ಮೇಲೂ ಆಯುರ್ವೇದ ಅಂತ ಬರೆದಿರುತ್ತಂತೆ. ನಿಮ್ಮ ಭಾವನ ಜೊತೆ ಕೆಲಸ ಮಾಡ್ತಿದ್ದೋರು ಹೇಳಿದ್ರು. ಎರಡು ಸಾವಿರ ಯಾಕೆ ಸುರೀತೀರ ಅಂತ."

"ಅದರಲ್ಲಿ ಎಷ್ಟಿದೆ ಅಂತ ಮಾರೋನಿಗೂ ಗೊತ್ತಿರಲ್ಲ ಅಕ್ಕ. ಊರು ಬಿಟ್ಟು ಬಂದು ಹನ್ನೆರಡು ಗಂಟೆ ಪ್ರೆಸ್ ಮುಂದೆ ನಿಲ್ಲೋ ಹುಡುಗರು ದಣಿವು ಮರೆಯೋಕೆ ಬಾಯಿಗೆ ಹಾಕ್ಕೋತಾರೆ. ಲೇಬಲ್ ಇದ್ದ ಮಾತ್ರಕ್ಕೆ ಔಷಧಿ ಆಗಲ್ಲ. ನೋಡಿ ಕೊಡೋರು ಒಬ್ಬರಿರಬೇಕು, ಆಮೇಲೆ ಏನಾಯ್ತು ಅಂತ ಕೇಳೋರು ಇರಬೇಕು. ಆ ದುಡ್ಡು ನಮಗೆ ಭಾರ, ಒಪ್ತೀನಿ. ನಾಲ್ಕು ವಾರ ನೋಡೋಣ. ಪ್ರಯೋಜನ ಕಾಣದಿದ್ರೆ ನಿಲ್ಲಿಸೋಣ, ಹಟ ಬೇಡ. ಕಿದ್ವಾಯಿಯಲ್ಲೇ ನೋವಿನ ವಿಭಾಗ ಇದೆ. ಬಾಗಿಲು ಇದೊಂದೇ ಅಲ್ಲ."

ಮನೆ ಸೇರಿದಾಗ ಕತ್ತಲಾಗಿತ್ತು. ಭಾವ ಆಗಲೇ ಬಕೆಟ್ಟಿಗೆ ನೀರು ತುಂಬಿಸಿಟ್ಟಿದ್ದರು. ಊಟವಾದ ಮೇಲೆ ಅಕ್ಕ ಗಾಯಕ್ಕೆ ಹಚ್ಚುವ ಬಿಳೀ ಪೇಪರ್ ಟೇಪು ತಂದು, ನಾಲ್ಕು ಬೆರಳಗಲ ಕತ್ತರಿಸಿ, ಊಟದ ಮೇಜಿನ ಮೇಲೆ ಹರವಿ, ದಪ್ಪ ಅಕ್ಷರದಲ್ಲಿ ಬರೆದಳು: ರಾತ್ರಿ ಊಟ ಆಗಿ ಅರ್ಧ ಗಂಟೆಗೆ 2 ಹನಿ. ನಾಲಿಗೆ ಕೆಳಗೆ. ಡಾಕ್ಟರನ್ನು ಕೇಳದೆ ಜಾಸ್ತಿ ಬೇಡ. ಜಾಗ ಸಾಲಲಿಲ್ಲ. ಇನ್ನೊಂದು ತುಂಡು ಹರಿದು ಸೀಸೆಯ ಹಿಂಬದಿಗೆ ಅಂಟಿಸಿದಳು: ಗಾಡಿ ಓಡಿಸಬಾರದು. ಮಕ್ಕಳ ಕೈಗೆ ಸಿಗಬಾರದು.

"ಇದು ಅದೇನಾ?" ಭಾವ ಕೇಳಿದರು.

"ಅದರ ಎಲೆ," ಅಂದಳು ಅಕ್ಕ. "ಚೀಟಿ ಇದೆ."

ಅವರು ಕನ್ನಡಕ ಹಾಕಿಕೊಂಡು ಟೇಪಿನ ಮೇಲಿನದನ್ನು ಗಟ್ಟಿಯಾಗಿ ಓದಿದರು, ಹಿಂದಿನದನ್ನೂ ಓದಿದರು. ಆಮೇಲೆ ಹನಿ ಹಾಕುವ ಗಾಜಿನ ಕೊಳವೆಯನ್ನು ಟ್ಯೂಬ್‌ಲೈಟಿನ ಕಡೆಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದರು. ಲೇತಿನಿಂದ ತೆಗೆದ ಪೀಸನ್ನು ಮೈಕ್ರೋಮೀಟರಿನಲ್ಲಿಟ್ಟು ನೋಡುತ್ತಿದ್ದುದು ಹೀಗೇ ಇರಬೇಕು. ಹಸಿರುಗಪ್ಪು ಎಣ್ಣೆ, ಕೊಳವೆಯ ಒಳಮೈಗೆ ಹತ್ತಿಕೊಂಡು ನಿಧಾನವಾಗಿ ಇಳಿಯುತ್ತಿತ್ತು.

"ಒಂದು," ಅಂದಳು ಅಕ್ಕ. "ಎರಡು. ಸಾಕು."

"ಹುಲ್ಲು ಅಗಿದ ಹಾಗಿದೆ," ಅಂದರು ಭಾವ.

ಅಕ್ಕ ಬಿಲ್ಲನ್ನೂ ಚೀಟಿಯನ್ನೂ ಫೈಲಿನ ಕೊನೆಗೆ ಸೇರಿಸಿ, ಸೀಸೆಯನ್ನು ಸ್ಟೀಲಿನ ಡಬ್ಬಿಗೆ ಹಾಕಿ, ಅಟ್ಟದ ಕೆಳಗಿನ ಎತ್ತರದ ಗೂಡಿನಲ್ಲಿಟ್ಟಳು. ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ತಾರೀಕು ಬರೆದು, ಮಲಗಿದ ಹೊತ್ತು, ಎದ್ದ ಹೊತ್ತು ಎಂದು ಎರಡು ಮನೆ ಮಾಡಿ ಗೆರೆ ಎಳೆದಳು. ಮೊದಲ ಮನೆಯಲ್ಲಿ ಹತ್ತು ನಲವತ್ತು ಎಂದು ಬರೆದು, ಪೆನ್ನನ್ನು ಹಾಳೆಯ ಮೇಲೇ ಬಿಟ್ಟು ದೀಪ ಆರಿಸಿದಳು.